ಹೆರಿಗೆ ಮನೆಯಲ್ಲಿ, ದಾರಿ ಆಸ್ಪತ್ರೆಗೆ

ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮ ಮಕ್ಕಳಲ್ಲಿ ಕೆಲವರು ಈಗ ಹೆರಿಗೆ ಮನೆಯಲ್ಲೇ ಆಗಲಿ ಎನ್ನುತ್ತಾರೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಅದಕ್ಕೆ ಅವಕಾಶವಿದೆ. ತರಬೇತಾದ ಮಿಡ್‌ವೈಫ್ ಮನೆಗೇ ಬರುತ್ತಾಳೆ. ನನ್ನ ತಂಗಿಯ ಮಗಳೂ ಚೊಚ್ಚಲ ಬಸಿರಿನಲ್ಲಿ ಹೀಗೇ ಅಂದಳು. ಬಾಣಂತನಕ್ಕೆಂದು ಅಂಟಿನುಂಡಿ ಕಟ್ಟಿಕೊಂಡು ಬೆಳಗಾವಿಯಿಂದ ಬಂದಿದ್ದ ನನ್ನ ತಂಗಿ ಗಾಬರಿಯಾದಳು. "ಚೊಚ್ಚಲದ್ದು ಮನ್ಯಾಗ ಯಾಕವಾ? ಇಷ್ಟು ದೊಡ್ಡ ದವಾಖಾನಿ ಇಟಗೊಂಡು?"

ಆಕೆಯ ಗಾಬರಿಗೆ ಕಾರಣವಿತ್ತು. ನಮ್ಮನ್ನು ಅವ್ವ ಹೆತ್ತದ್ದು ಖಾನಾಪುರ ಕಡೆಯ ಹಳ್ಳಿಯ ಮನೆಯಲ್ಲಿ. ಸೂಲಗಿತ್ತಿಯ ಕೈಗುಣದ ಬಗ್ಗೆ ಊರಿಗೆ ಅಪಾರ ನಂಬಿಕೆ. ಆದರೆ ಮಾಸು ಬೀಳದೆ ರಕ್ತ ಹರಿಯತೊಡಗಿದರೆ ಆ ಕೈಯಲ್ಲಿ ಔಷಧ ಇರಲಿಲ್ಲ, ಬಾಗಿಲಲ್ಲಿ ಗಾಡಿ ಇರಲಿಲ್ಲ. ಭೀಮಗಡ ಕಾಡಿನ ಗವಳಿ, ಕೃಷ್ಣಾಪುರ, ಆಮಗಾಂವದಂಥ ಊರುಗಳಲ್ಲಿ ಮಳೆಗಾಲಕ್ಕೆ ಹಳ್ಳ ತುಂಬಿದರೆ ರೋಗಿಗಳನ್ನು ಹೆಗಲ ಮೇಲೆ ಹೊತ್ತು ತಂದ ಸುದ್ದಿಯನ್ನು ಈಚಿನ ವರ್ಷಗಳಲ್ಲೂ ಓದಿದ್ದೇವೆ. ಅಲ್ಲಿ ಮನೆ ಹೆರಿಗೆಯನ್ನು ಯಾರೂ ಆರಿಸಿಕೊಂಡದ್ದಲ್ಲ. ಬೇರೆ ದಾರಿ ಇರಲಿಲ್ಲ.

ಈ ಸಂಕಟಕ್ಕೆ ಒಂದು ಉತ್ತರ ನಮ್ಮ ಬೆಳಗಾವಿಯಿಂದಲೇ ಬಂತು. 2002ರಿಂದ 2005ರವರೆಗೆ ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮುಂತಾದವರು ಅಮೆರಿಕದ ವೈದ್ಯರೊಡನೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. 1,620 ಹೆಂಗಸರು ಅದರಲ್ಲಿದ್ದರು. ಹೆರಿಗೆಗಳು ಮನೆಯಲ್ಲೋ ಉಪಕೇಂದ್ರದಲ್ಲೋ ನಡೆದವು. ಕೂಸು ಹುಟ್ಟಿದ ಕೂಡಲೇ ಆರೋಗ್ಯ ಸಹಾಯಕಿ ಅರ್ಧ ಜನಕ್ಕೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದಳು, ಉಳಿದರ್ಧಕ್ಕೆ ಔಷಧವಿಲ್ಲದ ಮಾತ್ರೆ. ಇಂಜೆಕ್ಷನ್ ಬೇಡ, ಫ್ರಿಜ್ ಬೇಡ. ಬಾಣಂತಿಯ ಕೆಳಗೆ ಅಳತೆ ಗೆರೆಗಳ ಚೀಲವಿದ್ದ ಪ್ಲಾಸ್ಟಿಕ್ ಹಾಸು ಹಾಸಿ, ಹೋದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ ಅಳೆದರು. ಅತಿಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಇಂಥದೇ ಅಳತೆಯ ಹಾಸನ್ನು ಬಳಸಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಆಫ್ರಿಕದ ನಾಲ್ಕು ದೇಶಗಳಲ್ಲಿ ಮಾಡಿದ ಅಧ್ಯಯನ 2023ರಲ್ಲಿ ಹೊರಬಂತು.

ಈ ನಡುವೆ ಊರೂ ಬದಲಾಯಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ, 2008ರಲ್ಲಿ 108 ಆಂಬುಲೆನ್ಸ್, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಾಗುತ್ತಿದ್ದವು. 2019-20ರ ಹೊತ್ತಿಗೆ 97. ತಂಗಿಯ ತಲೆಮಾರು ಇಷ್ಟು ಕಷ್ಟಪಟ್ಟು ಆಸ್ಪತ್ರೆ ಮುಟ್ಟಿದ ಮೇಲೆ ಮಗಳು ಮನೆಗೆ ಮರಳುತ್ತೇನೆಂದರೆ ತಾಯಿಗೆ ಹೇಗಾಗಬೇಡ!

ಮಗಳಿಗೂ ತನ್ನ ಕಾರಣಗಳಿದ್ದವು: ತನ್ನ ಕೋಣೆ, ಗುರುತಿನ ಮಿಡ್‌ವೈಫ್, ಅವ್ವ ಪಕ್ಕದಲ್ಲಿ. ಮಿಡ್‌ವೈಫ್ ಮುಚ್ಚುಮರೆಯಿಲ್ಲದೆ ಲೆಕ್ಕವನ್ನೂ ಹೇಳಿದಳು. ಇಂಗ್ಲೆಂಡಿನಲ್ಲಿ ಅಪಾಯ ಕಡಿಮೆಯಿರುವ 64 ಸಾವಿರಕ್ಕೂ ಹೆಚ್ಚು ಬಸುರಿಯರ ಅಧ್ಯಯನ 2011ರಲ್ಲಿ ಪ್ರಕಟವಾಗಿದೆ. ಎರಡನೆಯ, ಮೂರನೆಯ ಹೆರಿಗೆಗೆ ಮನೆಗೂ ಆಸ್ಪತ್ರೆಗೂ ಕೂಸಿನ ಮಟ್ಟಿಗೆ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲಿಗೆ ಕಂಡಿತು: ಸಾವು ಅಥವಾ ಗಂಭೀರ ತೊಂದರೆ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3. ಮನೆಯಲ್ಲಿ ಶುರುಮಾಡಿದ ಚೊಚ್ಚಲಗಿತ್ತಿಯರಲ್ಲಿ ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಹುಡುಗಿ ಕೇಳಿಸಿಕೊಂಡಳು, ಆದರೂ ಮನೆಯೇ ಅಂದಳು. ಬ್ಯಾನಿ ನಿಧಾನವಾದಾಗ ಮಿಡ್‌ವೈಫ್ ಕಾಯುತ್ತ ಕೂರಲಿಲ್ಲ, ಆಂಬುಲೆನ್ಸ್ ಕರೆಸಿದಳು. ಮಗು ಆಸ್ಪತ್ರೆಯಲ್ಲಿ ಹುಟ್ಟಿತು, ತಾಯಿ-ಮಗು ಕ್ಷೇಮ.

ಮನೆಯೋ ಆಸ್ಪತ್ರೆಯೋ ಎಂದು ನಮ್ಮ ಮನೆಗಳಲ್ಲಿ ಜಗಳ ಹತ್ತಿದಾಗ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಬ್ಯಾನಿ ಹೊತ್ತಿಗೆ ಜೊತೆಗಿರುವವರು ಯಾರು? ರಕ್ತ ನಿಲ್ಲದಿದ್ದರೆ ಕೊಡಲು ಅವರ ಕೈಯಲ್ಲಿ ಔಷಧ ಇದೆಯೇ? ಶಸ್ತ್ರಚಿಕಿತ್ಸೆಯ ಕೋಣೆಗೆ ಎಷ್ಟು ನಿಮಿಷದ ದಾರಿ? ಖಾನಾಪುರದ ಕಾಡೂರಿನಲ್ಲಿ ನಮ್ಮ ಹಿರಿಯರಿಗೆ ಈ ಮೂರಕ್ಕೂ ಉತ್ತರ ಸಿಕ್ಕಿರಲಿಲ್ಲ. ಉತ್ತರ ಕೈಯಲ್ಲಿರುವ ಹುಡುಗಿ ಎಲ್ಲಿ ಹೆರಬೇಕೆಂಬುದನ್ನು ಅವಳೇ ಗೊತ್ತುಮಾಡಲಿ. ಅಂಟಿನುಂಡಿ ಎರಡೂ ಕಡೆ ತಲುಪುತ್ತದೆ.