ದತ್ತ, ಸಾಧನೀಯ, ಸಾಧನೆ

ಕನ್ನಡ ಮಾಧ್ಯಮದಲ್ಲಿ ರೇಖಾಗಣಿತ ಕಲಿತವರು ಈ ಮೂರು ಮಾತುಗಳನ್ನು ಮರೆತಿರಲಾರರು. ಮೊದಲು ದತ್ತ, ಅಂದರೆ ಕೊಟ್ಟಿರುವುದು. ಆಮೇಲೆ ಸಾಧನೀಯ, ಸಾಧಿಸಿ ತೋರಿಸಬೇಕಾದದ್ದು. ಕೊನೆಗೆ ಸಾಧನೆ. ಇಂಗ್ಲಿಷಿನ ಪ್ರೂಫ್ ಎಂಬ ಮಾತಿಗೆ ನಮ್ಮ ಪಠ್ಯಪುಸ್ತಕದವರು ಇಟ್ಟ ಹೆಸರು ಅದು. ಆದರೆ ಕನ್ನಡದಲ್ಲಿ ಸಾಧನೆಗೆ ಅಷ್ಟೇ ಅರ್ಥವಲ್ಲ. ಯೋಗಿ ಮಾಡುವುದೂ ಸಾಧನೆ, ಬೆಳಗಿನ ಜಾವ ಎದ್ದು ಸಂಗೀತಗಾರ್ತಿ ಮಾಡುವುದೂ ಸಾಧನೆ. ಹಟ ಬಿಡದ ಸೊಸೆಯನ್ನು ಕುರಿತು ಅತ್ತೆ "ಎಷ್ಟು ಸಾಧಿಸ್ತಾಳೆ ನೋಡು" ಎಂದು ಗೊಣಗುವುದೂ ಅದೇ ಮಾತಿನಿಂದಲೇ. ಒಂದು ಮಾತನ್ನು ರುಜುವಾತುಪಡಿಸುವುದರಲ್ಲಿ ತಪಸ್ಸೂ ಇದೆ, ಹಟವೂ ಇದೆ ಎಂಬುದನ್ನು ನಮ್ಮ ಭಾಷೆ ಮೊದಲೇ ಅರಿತಿತ್ತೇನೋ.

ಈ ವಯಸ್ಸಿನಲ್ಲಿ ಈ ಯೋಚನೆ ಬಂದದ್ದು ರೇಖೀಯ ಬೀಜಗಣಿತದಿಂದ. ಐ.ಐ.ಟಿ.ಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌.ಪಿ.ಟಿ.ಇ.ಎಲ್‌. ಪಾಠಗಳನ್ನು ಯಾರು ಬೇಕಾದರೂ ಮನೆಯಲ್ಲಿ ಕುಳಿತು ಖರ್ಚಿಲ್ಲದೆ ಕೇಳಬಹುದು. ನಾನು ಬಿ.ಎ., ಬಿ.ಎಡ್‌. ಓದಿದವಳು. ಗಣಿತ ನನ್ನ ಮಟ್ಟಿಗೆ ಪಿ.ಯು.ಸಿ.ಗೇ ಮುಗಿದಿತ್ತು. ಆದರೂ ಲೀನಿಯರ್ ಆಲ್ಜಿಬ್ರಾಕ್ಕೆ ಒಂದು ದೊಡ್ಡ ಗುಣವಿದೆ. ಒಳಗೆ ಬರುವವರಿಂದ ಅದು ಹೆಚ್ಚಿನ ಪೂರ್ವಜ್ಞಾನ ಕೇಳುವುದಿಲ್ಲ. ಕೂಡುವುದು, ಗುಣಿಸುವುದು ಬಂದರೆ ಸಾಕು, ಬಾಗಿಲು ತೆರೆಯುತ್ತದೆ. ಕೇಳುವುದೆಲ್ಲ ತಾಳ್ಮೆಯನ್ನು. ಜೊತೆಗೆ ಹಾಫ್‌ಮನ್ ಮತ್ತು ಕುಂಜೆ ಎಂಬಿಬ್ಬರು ಬರೆದ ಪುಸ್ತಕವನ್ನಿಟ್ಟುಕೊಂಡೆ. ಅಮೆರಿಕದ ಎಂ.ಐ.ಟಿ.ಯ ವಿದ್ಯಾರ್ಥಿಗಳಿಗೆಂದು ಬರೆದು 1961ರಲ್ಲಿ ಪ್ರಕಟವಾದ ಈ ಪುಸ್ತಕ ನಮ್ಮ ದೇಶದ ಎಂ.ಎಸ್ಸಿ. ತರಗತಿಗಳಲ್ಲಿ ಇಂದಿಗೂ ನಡೆಯುತ್ತದೆ. ಲೆಕ್ಕ ಮಾಡಿ ಉತ್ತರ ತೆಗೆಯುವ ಪುಸ್ತಕ ಅದಲ್ಲ. ಪ್ರತಿ ಹೇಳಿಕೆಯ ಕೆಳಗೂ ಸಾಧನೆ. ಅಭ್ಯಾಸದಲ್ಲೂ "ಕಂಡುಹಿಡಿಯಿರಿ" ಎನ್ನುವುದಕ್ಕಿಂತ "ಸಾಧಿಸಿ" ಎನ್ನುವುದೇ ಹೆಚ್ಚು.

ಮೊದಲ ವಾರಗಳಲ್ಲಿ ಬರುವ ಒಂದು ಪ್ರಶ್ನೆ ನೋಡಿ. ವೆಕ್ಟರನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ ವೆಕ್ಟರ್ ಬರುತ್ತದೆ ಎಂದು ಸಾಧಿಸಬೇಕು. ಮೂರನೇ ಕ್ಲಾಸಿನ ಮಗುವೂ ಹೇಳುವ ಮಾತಲ್ಲವೇ ಎಂದು ನಗು ಬರುತ್ತದೆ. ಆದರೆ ಇಲ್ಲಿ ವೆಕ್ಟರ್ ಎಂದರೆ ಬಾಣದ ಗುರುತು ಹಾಕಿದ ಗೆರೆ ಮಾತ್ರವಲ್ಲ, ಸಂಖ್ಯೆಯೂ ಅಲ್ಲ. ತಮ್ಮತಮ್ಮಲ್ಲಿ ಕೂಡಿಸಲು ಬರುವ, ಸಂಖ್ಯೆಯಿಂದ ಗುಣಿಸಲು ಬರುವ, ಎಂಟು ನಿಯಮಗಳಿಗೆ ಒಳಪಡುವ ಯಾವ ವಸ್ತುಗಳಾದರೂ ಆಗಬಹುದು. ಆ ಎಂಟು ನಿಯಮಗಳಲ್ಲಿ ಈ ಸೊನ್ನೆಯ ಮಾತು ಇಲ್ಲ. ಆದ್ದರಿಂದ ಅದನ್ನು ಇದ್ದ ನಿಯಮಗಳಿಂದಲೇ ದುಡಿದು ಪಡೆಯಬೇಕು. ಸೊನ್ನೆ ಎಂದರೆ ಸೊನ್ನೆಗೆ ಸೊನ್ನೆ ಕೂಡಿಸಿದ್ದೇ. ಹಾಗಾಗಿ ವೆಕ್ಟರಿನ ಸೊನ್ನೆಯಷ್ಟು ಎಂದರೂ, ಸೊನ್ನೆಗೆ ಸೊನ್ನೆ ಸೇರಿದಷ್ಟು ಎಂದರೂ ಒಂದೇ. ಆವರಣ ಬಿಡಿಸುವ ನಿಯಮ ಹಚ್ಚಿದರೆ, ಒಂದು ಕಡೆ ನಮ್ಮ ಅಪರಿಚಿತ ವಸ್ತು ಒಂದು ಸಲ ಇದೆ, ಇನ್ನೊಂದು ಕಡೆ ಅದೇ ಎರಡು ಸಲ ಇದೆ. ಪ್ರತಿ ವೆಕ್ಟರಿಗೂ ಅದನ್ನು ರದ್ದು ಮಾಡುವ ಇನ್ನೊಂದು ಇರುತ್ತದೆ ಎಂಬ ನಿಯಮದಿಂದ ಎರಡೂ ಕಡೆ ಒಂದೊಂದನ್ನು ತೆಗೆಯಿರಿ. ಈ ಕಡೆ ಉಳಿದದ್ದು ಸೊನ್ನೆ ವೆಕ್ಟರ್, ಆ ಕಡೆ ಉಳಿದದ್ದು ನಮ್ಮ ವಸ್ತು. ಎರಡೂ ಸಮ. ಮುಗಿಯಿತು.

ನಾಲ್ಕು ಸಾಲು. ಬರೆದು ಮುಗಿಸಿದಾಗ ನನಗೆ ಹೊಸ ಸಂಗತಿಯೇನೂ ತಿಳಿದಿರಲಿಲ್ಲ. ಆದರೆ ತಿಳಿದಿದ್ದ ಸಂಗತಿಯ ಜೊತೆ ನನ್ನ ಸಂಬಂಧ ಬದಲಾಗಿತ್ತು. ಮೊದಲು ಅದು ಯಾರೋ ಹೇಳಿಕೊಟ್ಟದ್ದು, ಈಗ ಅದು ನನ್ನದು.

ನಾವು ಹೆಂಗಸರು ನಮ್ಮದೆಂದು ತಿಳಿದುಕೊಂಡಿರುವುದರಲ್ಲಿ ಎಷ್ಟು ಪಾಲು ಹೇಳಿಕೊಟ್ಟದ್ದು, ಎಷ್ಟು ಪಾಲು ನಮ್ಮದು? ಈ ಪ್ರಶ್ನೆಯೇ ನನ್ನನ್ನು ಹಿಡಿದು ನಿಲ್ಲಿಸಿತು. "ಯಾಕೆ" ಎಂದು ಕೇಳಿದ ಹುಡುಗಿಗೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಗೊತ್ತೇ ಇದೆ. "ದೊಡ್ಡವರು ಹೇಳಿದ ಮೇಲೆ ಮುಗೀತು." ಕಾರಣ ಕೇಳುವುದು ಎದುರುತ್ತರ ಕೊಟ್ಟಂತೆ, ಅಪನಂಬಿಕೆ ತೋರಿಸಿದಂತೆ. ಹಾಗೆ ಹೇಳುವ ಹಿರಿಯರೇ "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನೂ ಹೇಳುತ್ತಾರೆ. ಗಣಿತದ ತರಗತಿಯಲ್ಲಿ ಮರ್ಯಾದೆಯ ಲೆಕ್ಕವೇ ತಿರುಗುಮುರುಗು. ಅಲ್ಲಿ ಮೇಷ್ಟ್ರು ಎಷ್ಟೇ ದೊಡ್ಡ ವಿದ್ವಾಂಸರಾಗಿರಲಿ, "ನಾನು ಹೇಳುತ್ತೇನೆ, ನಂಬು" ಎನ್ನುವಂತಿಲ್ಲ. ತಮಗೆ ನೂರು ಸಲ ಗೊತ್ತಿರುವುದನ್ನೂ ಬೋರ್ಡಿನ ಮೇಲೆ ಹೆಜ್ಜೆ ಹೆಜ್ಜೆಯಾಗಿ ಬರೆದು, ಹಿಂದಿನ ಬೆಂಚಿನ ಹುಡುಗಿಯ ಪರೀಕ್ಷೆಗೆ ಒಪ್ಪಿಸುತ್ತಾರೆ. ಒಂದು ಹೆಜ್ಜೆ ಜಾರಿದರೆ ಅವಳು ಎದ್ದು ನಿಂತು ಹೇಳಬಹುದು, ಅವರು ಅಳಿಸಲೇಬೇಕು. ಕಾರಣ ಕೊಡುವುದೆಂದರೆ ಎದುರಿಗಿರುವವರಿಗೂ ಬುದ್ಧಿಯಿದೆ ಎಂದು ಒಪ್ಪಿಕೊಳ್ಳುವುದು. ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ?

ಹಾಗಾದರೆ ಕೇಳುತ್ತಲೇ ಹೋಗಬಹುದೇ? ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕನ ಸಭೆಯ ಗಾರ್ಗಿ ಹೀಗೆಯೇ ಕೇಳಿದಳು. ಇದೆಲ್ಲ ನೀರಿನಲ್ಲಿ ಹೆಣೆದುಕೊಂಡಿದ್ದರೆ ನೀರು ಯಾವುದರಲ್ಲಿ, ಅದು ಯಾವುದರಲ್ಲಿ ಎಂದು ಬ್ರಹ್ಮಲೋಕದವರೆಗೂ ಹೋದಳು. ಅಲ್ಲಿ ಯಾಜ್ಞವಲ್ಕ್ಯ, ಇನ್ನು ಮುಂದೆ ಕೇಳಬೇಡ, ತಲೆ ಉದುರೀತು ಎಂದ. ಬಹಳ ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಗಾರ್ಗಿ ಸುಮ್ಮನಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಭೆಯ ಒಪ್ಪಿಗೆ ಪಡೆದು ಮತ್ತೆ ಎದ್ದು ಇನ್ನೆರಡು ಪ್ರಶ್ನೆ ಕೇಳಿದಳು, ಉತ್ತರವನ್ನೂ ಪಡೆದಳು. ಪ್ರಶ್ನೆ ಎಲ್ಲೋ ಒಂದು ಕಡೆ ನಿಲ್ಲಬೇಕೆಂಬುದನ್ನು ಗಣಿತವೂ ಒಪ್ಪುತ್ತದೆ. ಆ ಎಂಟು ನಿಯಮಗಳಿಗೆ ಸಾಧನೆಯಿಲ್ಲ, ಅವು ದತ್ತ. ಆದರೆ ಅವನ್ನು ಮೊದಲ ಪುಟದಲ್ಲೇ ನಂಬರು ಹಾಕಿ ಬರೆದಿರುತ್ತಾರೆ. ನಾವು ಒಪ್ಪಿಕೊಂಡು ಹೊರಟಿರುವುದು ಇಷ್ಟು, ಇದರಾಚೆ ಒಂದು ಸಾಸಿವೆಯನ್ನೂ ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ ಎಂಬ ಕರಾರು ಅದು. ಸಂಸಾರದಲ್ಲೂ ಸಮಾಜದಲ್ಲೂ ದತ್ತಗಳಿವೆ. ಅವನ್ನು ಯಾರೂ ಬರೆದು ತೋರಿಸುವುದಿಲ್ಲ, ಅಷ್ಟೆ. ಬೇಕಾದಾಗ ಹೊಸದೊಂದು ಸೇರಿಕೊಂಡು, ಅದೂ ಮೊದಲಿನಿಂದ ಇತ್ತೆಂಬಂತೆ ಕುಳಿತುಬಿಡುತ್ತದೆ.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಇನ್ನೊಂದು ಮಾತು ಅವಲಂಬನೆ. ಅಡುಗೆಮನೆಯಲ್ಲಿ ಮೂರು ಡಬ್ಬಿಗಳಿವೆ ಎನ್ನಿ. ಒಂದರಲ್ಲಿ ಖಾರದ ಪುಡಿ, ಒಂದರಲ್ಲಿ ಧನಿಯಾ ಪುಡಿ, ಮೂರನೆಯದರಲ್ಲಿ ಒಂದಕ್ಕೆರಡರಂತೆ ಅವೆರಡನ್ನೂ ಬೆರೆಸಿದ್ದು. ಮೂರನೆಯ ಡಬ್ಬಿ ಇಲ್ಲದಿದ್ದರೂ ನಡೆಯುತ್ತದೆ, ಮೊದಲೆರಡರಿಂದ ಅದು ಸಿಗುತ್ತದೆ. ಇಂಥ ಗುಂಪನ್ನು ಲೀನಿಯರ್ಲಿ ಡಿಪೆಂಡೆಂಟ್ ಎನ್ನುತ್ತಾರೆ. ಯಾವುದೂ ಉಳಿದವುಗಳಿಂದ ಸಿಗದಿದ್ದರೆ ಆ ಗುಂಪು ಸ್ವತಂತ್ರ. ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಅಡುಗೆಮನೆಯಲ್ಲಿ ಬೆರೆತದ್ದನ್ನು ಬೇರೆ ಮಾಡಲಾಗದು, ಗಣಿತದಲ್ಲಿ ಕಳೆಯಲೂ ಬರುತ್ತದೆ. ಬೆರೆಸಿದ್ದರಿಂದ ಧನಿಯಾ ಕಳೆದರೆ ಖಾರ ಸಿಗುತ್ತದೆ, ಖಾರ ಕಳೆದರೆ ಧನಿಯಾ. ಅಂದಮೇಲೆ ಅವಲಂಬಿಸಿರುವುದು ಆ ಮೂರನೆಯ ಡಬ್ಬಿಯೊಂದೇ ಎನ್ನುವಂತಿಲ್ಲ. ಅವಲಂಬನೆ ಆ ಗುಂಪಿನ ಗುಣ, ಒಬ್ಬರ ಹಣೆಬರಹವಲ್ಲ. ಯಾವುದನ್ನು ಕೈಬಿಡಬೇಕೆಂಬುದು ನಾವು ಮಾಡುವ ಆಯ್ಕೆ.

ಅರ್ಜಿಗಳಲ್ಲಿ ಮನೆಯ ಹೆಂಗಸಿನ ಹೆಸರಿನ ಮುಂದೆ "ಡಿಪೆಂಡೆಂಟ್" ಎಂದು ಬರೆಯುವುದನ್ನು ಎಷ್ಟೋ ಸಲ ಕಂಡಿದ್ದೇವೆ. ಬೆಳಿಗ್ಗೆ ಐದಕ್ಕೆದ್ದು ತಿಂಡಿ ಮಾಡಿ, ಡಬ್ಬಿ ಕಟ್ಟಿ, ಅತ್ತೆಗೆ ಮಾತ್ರೆ ಕೊಟ್ಟು, ಎಲ್ಲರನ್ನೂ ಹೊರಡಿಸುವವಳು ಡಿಪೆಂಡೆಂಟ್. ಅವಳು ಎಂಟು ದಿನ ಮಲಗಿದರೆ ಮನೆಯೇ ಮಲಗುತ್ತದೆ. ಇದನ್ನು ನೋಡಿದಾಗ ಡಬ್ಬಿಗಳ ನೆನಪು ಬರುತ್ತದೆ. ಆದರೆ ಇಲ್ಲಿ ಎಚ್ಚರಿಕೆಯೂ ಬೇಕು. ವೆಕ್ಟರುಗಳಿಗೆ ಸುಖದುಃಖವಿಲ್ಲ. ಹೋಲಿಕೆ ಎಷ್ಟೇ ಸೊಗಸಾಗಿದ್ದರೂ ಅದು ಸಾಧನೆಯಲ್ಲ. ಹೆಂಗಸಿನ ದುಡಿಮೆಗೆ ಬೆಲೆಯಿದೆ ಎನ್ನಲು ಅದರದೇ ಕಾರಣಗಳಿವೆ, ಬೀಜಗಣಿತದ ಸಾಕ್ಷಿ ಬೇಕಿಲ್ಲ. ಆ ಪಾಠ ಕೊಟ್ಟದ್ದು ಒಂದು ಪ್ರಶ್ನೆಯನ್ನು ಮಾತ್ರ. ಯಾರು ಯಾರನ್ನು ಅವಲಂಬಿಸಿದ್ದಾರೆ ಎಂದು ಬರೆಯುವ ಮೊದಲು, ಆ ಪಟ್ಟಿಯಲ್ಲಿ ಮೊದಲ ಹೆಸರು ಯಾರದೆಂದು ತೀರ್ಮಾನಿಸಿದವರು ಯಾರು?

ಸಾಧನೆಯ ಹೊರೆ ಯಾರ ಮೇಲೆ ಎಂಬುದೂ ಇಂಥದೇ ಪ್ರಶ್ನೆ. ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ತೆಗೆದ ಹುಡುಗಿಯೊಬ್ಬಳನ್ನು ವಿಜ್ಞಾನಕ್ಕೆ ಸೇರಿಸಿ ಎಂದು ಅವಳ ತಂದೆಗೆ ಹೇಳಿದ್ದೆ. "ಹೆಣ್ಣುಮಕ್ಕಳಿಗೆ ಮುಂದೆ ಮುಂದೆ ಲೆಕ್ಕ ಹತ್ತೋದಿಲ್ಲ ಟೀಚರ್" ಎಂದರು. ಅವಳಿಗೆ ಹತ್ತುತ್ತದೆ ಎಂದೆ. "ಹಾಗಂತ ಬರೆದುಕೊಡ್ತೀರಾ?" ಎಂದು ಕೇಳಿದರು. ಕೆಟ್ಟವರಲ್ಲ, ಫೀಸಿಗೆ ಹೆದರಿದವರು. ಆದರೆ ತಮ್ಮ ಮಾತಿಗೆ ಒಂದು ಕಾರಣವನ್ನೂ ಕೊಡದೆ, ಇನ್ನೂ ಕಾಲೇಜಿನ ಮೆಟ್ಟಿಲು ಹತ್ತದ ಹುಡುಗಿಯಿಂದ ಸಾಧನೆ ಕೇಳುತ್ತಿದ್ದರು. ಅವಳು ಕಾಮರ್ಸ್ ಸೇರಿದಳು. ಗಣಿತದಲ್ಲಿ ಹೀಗೆ ನಡೆಯುವುದಿಲ್ಲ. ಹೇಳಿಕೆ ಯಾರದೋ ಸಾಧನೆಯೂ ಅವರದೇ. ಜೊತೆಗೆ ಒಮ್ಮೆ ಸಾಧಿಸಿದ್ದು ಸಾಧಿಸಿದಂತೆಯೇ. ಸೀತೆಗೆ ಆ ಎರಡು ನ್ಯಾಯವೂ ಸಿಗಲಿಲ್ಲ. ಆರೋಪ ಮಾಡಿದವರು ಯಾರೂ ಏನನ್ನೂ ಸಾಧಿಸಬೇಕಾಗಲಿಲ್ಲ. ಅವಳು ಬೆಂಕಿ ಹೊಕ್ಕು ಬಂದಳು, ಆಮೇಲೂ ಊರಿನ ಬಾಯಿ ಕೇಳಿ ಕಾಡಿಗೆ ಕಳಿಸಿದರು, ಮತ್ತೆ ಸಭೆಯಲ್ಲಿ ನಿಂತು ಸಾಧಿಸು ಎಂದರು. ಮೂರನೆಯ ಸಲ ಕೇಳಿಸಿಕೊಳ್ಳಲು ಅವಳು ನಿಲ್ಲಲಿಲ್ಲ, ಭೂಮಿಯೊಳಗೆ ಹೋದಳು.

ಸತ್ಯವನ್ನು ಸಾಧಿಸಿದ ಮಾತ್ರಕ್ಕೆ ಲೋಕ ಕೇಳುತ್ತದೆಂದೂ ಅಲ್ಲ. ಈ ಶಾಸ್ತ್ರಕ್ಕೆ ತಳಪಾಯ ಹಾಕಿದ ಹರ್ಮನ್ ಗ್ರಾಸ್‌ಮನ್ ನಮ್ಮಂತೆಯೇ ಶಾಲಾ ಮಾಸ್ತರು. 1809ರಲ್ಲಿ ಸ್ಟೆಟಿನ್ ಎಂಬ ಊರಿನಲ್ಲಿ ಹುಟ್ಟಿದರು. ಅದು ಈಗ ಪೋಲೆಂಡಿನಲ್ಲಿದೆ. ಬರ್ಲಿನ್ನಿನಲ್ಲಿ ಅವರು ಓದಿದ್ದು ಧರ್ಮಶಾಸ್ತ್ರ ಮತ್ತು ಭಾಷೆಗಳನ್ನು, ಗಣಿತವನ್ನಲ್ಲ. 1844ರಲ್ಲಿ ಅವರು ಪ್ರಕಟಿಸಿದ ಪುಸ್ತಕವನ್ನು ಓದಿದವರೇ ಕಡಿಮೆ. ವಿಶ್ವವಿದ್ಯಾಲಯದಲ್ಲಿ ಕೆಲಸ ಬಯಸಿದರು, ಸಿಗಲಿಲ್ಲ. 1862ರಲ್ಲಿ ಮತ್ತೆ ಬೇರೆ ರೀತಿಯಲ್ಲಿ ಬರೆದರು, ಆಗಲೂ ಯಾರೂ ಗಮನಿಸಲಿಲ್ಲ. ಮೊದಲ ಪುಸ್ತಕದ ಉಳಿದ ಸುಮಾರು 600 ಪ್ರತಿಗಳನ್ನು ಪ್ರಕಾಶಕರು 1864ರಲ್ಲಿ ರದ್ದಿಗೆ ಹಾಕಿದರು. ಆ ಮನುಷ್ಯ ಸಂಸ್ಕೃತದ ಕಡೆ ತಿರುಗಿ ಋಗ್ವೇದಕ್ಕೆ ಒಂದು ಕೋಶವನ್ನೇ ರಚಿಸಿದರು. ವೇದವಿದ್ವಾಂಸರು ಇಂದಿಗೂ ಅದನ್ನು ಬಳಸುತ್ತಾರೆ. 1877ರಲ್ಲಿ ತೀರಿಕೊಂಡರು. ಅವರ ಆಧಾರದ ಮೇಲೆ ಇಟಲಿಯ ಪಿಯಾನೊ ವೆಕ್ಟರ್ ಸ್ಪೇಸಿನ ನಿಯಮಗಳನ್ನು ಬರೆದದ್ದು 1888ರಲ್ಲಿ. ಅವರ ಬರವಣಿಗೆ ಕ್ಲಿಷ್ಟವಾಗಿತ್ತೆಂಬುದೂ ನಿಜ. ಆದ್ದರಿಂದ ಇನ್ನೊಬ್ಬರಿಗೆ ಹೊಳೆಯುವಂತೆ ಬರೆಯುವುದೂ ಸಾಧನೆಯ ಒಂದು ಭಾಗ, ಬಂದದ್ದನ್ನು ಹೆಸರು, ಹುದ್ದೆ ನೋಡದೆ ಓದುವುದು ಉಳಿದವರ ಧರ್ಮ.

ಎಲ್ಲದಕ್ಕೂ ಸಾಧನೆ ಕೇಳಬೇಕೆಂದು ನಾನು ಹೇಳುತ್ತಿಲ್ಲ. ಜ್ವರ ಬಂದ ಮಗು ಕೈಹಿಡಿದುಕೊಂಡಾಗ, ಗೆಳತಿ ಕಷ್ಟ ಹೇಳಿಕೊಂಡು ಕಣ್ಣೊರೆಸಿಕೊಂಡಾಗ, ಕಾರಣ ಕೇಳುತ್ತ ಕೂರುವುದು ಮನುಷ್ಯತ್ವವಲ್ಲ. ಪ್ರೀತಿಗೆ ಸಾಧನೆ ಬೇಡುವವರು ಪ್ರೀತಿಯನ್ನೇ ಕಳೆದುಕೊಳ್ಳುತ್ತಾರೆ. ಆದರೆ ಇನ್ನೊಬ್ಬರ ಬದುಕನ್ನು ಕಟ್ಟಿಹಾಕುವ ಮಾತು ಯಾರ ಬಾಯಿಂದ ಬಂದರೂ, ಅದು ದತ್ತವೋ ಸಾಧನೀಯವೋ ಎಂದು ಕೇಳಬೇಕು. ದತ್ತವಾದರೆ ಯಾರು ಕೊಟ್ಟದ್ದು? ಸಾಧನೀಯವಾದರೆ ಸಾಧನೆ ಎಲ್ಲಿ? ಇಷ್ಟು ಕೇಳಲು ದೊಡ್ಡ ದನಿ ಬೇಕಿಲ್ಲ, ಜಗಳವೂ ಬೇಕಿಲ್ಲ. ಗಣಿತದಲ್ಲಿ ಯಾರೂ ಕೂಗುವುದಿಲ್ಲ. ಒಂದು ಸಾಲಿನ ಕೆಳಗೆ ಇನ್ನೊಂದು ಸಾಲು ಬರೆಯುತ್ತಾರೆ, ಮುಂದಿನ ಸಾಲಿಗೆ ಕಾರಣ ಸಿಗುವವರೆಗೆ ಕಾಯುತ್ತಾರೆ.