ದೇಹವೇ ಬಂಡವಾಳವಾದಾಗ

ಭರತ-ಬಾಹುಬಲಿಯರ ಯುದ್ಧದ ಕಥೆಯನ್ನು ಜೈನ ಮನೆತನಗಳ ಮಕ್ಕಳು ಅಕ್ಷರಾಭ್ಯಾಸಕ್ಕೆ ಮೊದಲೇ ಕೇಳಿರುತ್ತಾರೆ. ಸೇನೆಗಳೆರಡೂ ಎದುರುಬದುರಾಗಿ ನಿಂತಾಗ ಮಂತ್ರಿಗಳು ಮುಂದೆ ಬಂದು, ಅಣ್ಣತಮ್ಮಂದಿರ ಕಲಹಕ್ಕೆ ಅಸಂಖ್ಯ ಜೀವಗಳು ಬಲಿಯಾಗುವುದು ಬೇಡವೆಂದೂ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದಲೇ ಜಯಾಪಜಯಗಳು ನಿರ್ಧಾರವಾಗಲೆಂದೂ ಇಬ್ಬರನ್ನೂ ಒಪ್ಪಿಸಿದರು. ಮಲ್ಲಯುದ್ಧದಲ್ಲಿ ಬಾಹುಬಲಿಯು ಅಣ್ಣನನ್ನು ಎತ್ತಿ ಹಿಡಿದನು; ನೆಲಕ್ಕೆ ಅಪ್ಪಳಿಸಲಿಲ್ಲ. ಪಂಪನು ಕ್ರಿ.ಶ. 941ರಲ್ಲಿ ಆದಿಪುರಾಣವನ್ನು ರಚಿಸಿದಂದಿನಿಂದ ಕನ್ನಡಿಗರ ಮನಸ್ಸು ಈ ಪ್ರಸಂಗದ ಅನಂತರ ಬರುವ ವೈರಾಗ್ಯದ ಕಡೆಗೇ ಹೆಚ್ಚಾಗಿ ಹರಿದಿದೆ, ಅದು ಸಹಜವೂ ಹೌದು. ಆದರೆ ಎತ್ತಿದ ತೋಳು ಅಪ್ಪಳಿಸದೆ ತಡೆದು ನಿಂತ ಆ ಕ್ಷಣವೂ ವಿಚಾರಯೋಗ್ಯವಾದುದು. ಮೈಗೆ ಮೈ ಕೊಟ್ಟು ಹೋರಾಡುವುದು ತನ್ನಷ್ಟಕ್ಕೆ ತಾನೇ ಹಿಂಸೆಯಾಗಿದ್ದರೆ, ಹಿಂಸೆಯ ನಿವಾರಣೋಪಾಯವೆಂದು ಮಂತ್ರಿಗಳು ಅದನ್ನು ಸೂಚಿಸುತ್ತಿರಲಿಲ್ಲ.

ಈಗ ಆ ಹೋರಾಟ ಒಂದು ಜೀವನೋಪಾಯವಾಗಿದೆ. 2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ, ಹಳ್ಳಿಯ ಹಬ್ಬದಲ್ಲಿ ಆಡಿ ಒಂದು ಪದಕವನ್ನೋ ಪಾತ್ರೆಯನ್ನೋ ಮನೆಗೆ ಒಯ್ಯುತ್ತಿದ್ದ ಆಟಗಾರನ ಮೈಗೆ ಹರಾಜಿನಲ್ಲಿ ಬೆಲೆ ಕಟ್ಟುವ ಪದ್ಧತಿ ಬಂದಿತು. ಮೊದಲ ವರ್ಷದ ಅತ್ಯಧಿಕ ಬೆಲೆ 12 ಲಕ್ಷ 80 ಸಾವಿರ ರೂಪಾಯಿ. 2023ರಲ್ಲಿ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಎಂಬಾತನಿಗೆ ಪುಣೇರಿ ಪಲ್ಟನ್ ತಂಡ 2 ಕೋಟಿ 35 ಲಕ್ಷ ತೆತ್ತಿತು. ಆತನ ಹೆಚ್ಚುಗಾರಿಕೆ ದಾಳಿಗಿಂತ ಹಿಡಿತದಲ್ಲಿ. ನುಗ್ಗಿ ಬಂದವನನ್ನು ತಡೆದು ಕೆಡವುವುದರಲ್ಲಿ. ಆ ತಂಡ 2024ರ ಮಾರ್ಚ್ 1ರಂದು ಪ್ರಶಸ್ತಿ ಗೆದ್ದಾಗ ಅದರ ತರಬೇತುದಾರರಾಗಿದ್ದವರು ಕರ್ನಾಟಕದವರೇ ಆದ, 2001ರ ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್. ಇಂತಹ ಹೆಸರುಗಳು ಇಂದು ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಹುಡುಗರಿಗೂ ಚಿರಪರಿಚಿತ. ಮಗನೊಬ್ಬ ಕಾಲೇಜು ಬಿಟ್ಟು ಕಬಡ್ಡಿಯನ್ನೇ ವೃತ್ತಿ ಮಾಡಿಕೊಳ್ಳುತ್ತೇನೆಂದರೆ ಅಹಿಂಸಾಣುವ್ರತವನ್ನು ಧರಿಸಿದ ಮನೆಯ ಹಿರಿಯರು ಏನೆನ್ನಬೇಕು? ಬಸದಿಯ ಆಡಳಿತ ಮಂಡಳಿಯ ಬಳಿಗೆ ಪಂದ್ಯಾವಳಿಯ ರಸೀದಿ ಪುಸ್ತಕ ಬಂದಾಗ ಮಂಡಳಿಯವರು ಏನು ಮಾಡಬೇಕು?

ಕೆಲವರ ಉತ್ತರ ಸಿದ್ಧವಾಗಿರುತ್ತದೆ: ಇದು ಹೊಡೆದಾಟ, ಜೈನರಿಗೆ ಸಲ್ಲದು. ಇಷ್ಟು ಸುಲಭವಾದ ಉತ್ತರವನ್ನು ರೇಷ್ಮೆಯ ಊರಿನಲ್ಲಿ ಕುಳಿತು ಕೊಡುವುದು ಉಚಿತವೆನಿಸುವುದಿಲ್ಲ. ಗೂಡಿನೊಳಗಿನ ಜೀವ ಬಿಸಿಯಲ್ಲಿ ಸಾಯದೆ ಎಳೆ ಅಖಂಡವಾಗಿ ಬಿಚ್ಚಿ ಬರುವುದಿಲ್ಲವೆಂಬುದು ಕೊಳ್ಳೇಗಾಲದಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಆ ಎಳೆಯಿಂದ ನೇಯ್ದ ಸೀರೆಯ ವ್ಯಾಪಾರದಲ್ಲಿ, ಅದನ್ನುಟ್ಟು ಬಸದಿಗೆ ಬರುವುದರಲ್ಲಿ ಎಷ್ಟು ದೋಷವಿದೆಯೆಂಬ ಚರ್ಚೆಯನ್ನು ಸಮಾಜ ಬಹುಕಾಲದಿಂದ ಮುಂದೂಡುತ್ತಲೇ ಬಂದಿದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಸರ್ವಥಾ ತ್ಯಜಿಸಬೇಕು, ಉಳಿದವುಗಳಲ್ಲಿ ಆದಷ್ಟು ಎಚ್ಚರದಿಂದಿರಬೇಕು ಎಂದು ವಿಧಿಸಿದಾಗ, ಜೀವನೋಪಾಯದ ಇಕ್ಕಟ್ಟು ಹಿಂದಿನವರ ಗಮನದಲ್ಲಿತ್ತೆಂಬುದು ಸ್ಪಷ್ಟ. ತನ್ನ ಅಂಗಡಿಗೆ ಆ ರಿಯಾಯಿತಿಯನ್ನು ತೆಗೆದುಕೊಂಡವನು ಆಟಗಾರನಿಗೆ ಮಾತ್ರ ಅದನ್ನು ನಿರಾಕರಿಸಲಾಗದು.

ಹಾಗಾದರೆ ಹಿಡಿಯುವವನ ಕ್ರಿಯೆಯಲ್ಲಿ ಸಂಕಲ್ಪವಿದೆಯೆ? ದಾಳಿಗಾರನು ಮೂವತ್ತು ಸೆಕೆಂಡುಗಳೊಳಗೆ ಉಸಿರು ಬಿಡದೆ ಜಪಿಸುತ್ತ ಬಂದು ಮುಟ್ಟಿ ಮರಳಬೇಕು. ಏಳು ಮಂದಿ ಅವನನ್ನು ತಡೆಯಬೇಕು. ಮೂಲೆಯಲ್ಲಿ ನಿಂತವನು ಕಣಕಾಲಿಗೋ ತೊಡೆಗೋ ಕೈ ಹಾಕುತ್ತಾನೆ, ಒಳಗೆ ನಿಂತವನು ಭುಜ ಕೊಟ್ಟು ಅಡ್ಡಗಟ್ಟುತ್ತಾನೆ. ಬಾಯಿ ಮುಚ್ಚಿ ಉಸಿರುಗಟ್ಟಿಸುವುದನ್ನೂ, ಕಾಲುಗಳನ್ನು ಕತ್ತರಿಯಂತೆ ಹೆಣೆದು ಸಿಕ್ಕಿಸುವುದನ್ನೂ ನಿಯಮಗಳೇ ನಿಷೇಧಿಸಿವೆ. ತಡೆಯುವುದು ಉದ್ದೇಶ, ನೋಯಿಸುವುದು ಉದ್ದೇಶವಲ್ಲ ಎಂಬುದನ್ನು ಆಟ ತನ್ನ ಕಟ್ಟಳೆಯಲ್ಲೇ ಒಪ್ಪಿಕೊಂಡಿದೆ. ಇದನ್ನು ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದೊಡನೆ ಹೋಲಿಸಿ ನೋಡಬಹುದು. ಅಲ್ಲಿ ಜಟ್ಟಿಗಳಲ್ಲಿ ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ನಿಲ್ಲಿಸುವ ಎಲ್ಲೆ ಮೊದಲೇ ಗೊತ್ತಿರುವುದು ಮೆಚ್ಚತಕ್ಕದ್ದೇ, ಆದರೆ ಆ ಎಲ್ಲೆಯೇ ರಕ್ತ. ಸಂಪ್ರದಾಯದ ಮೇಲಿನ ಗೌರವವನ್ನು ಬದಿಗಿರಿಸದೆಯೂ, ಎರಡರ ಭಾವಗಳು ಬೇರೆಯೆಂದು ಹೇಳಬಹುದು.

ಭಾವ ಶುದ್ಧವಾಗಿದ್ದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ನಿರ್ವಚಿಸುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನು ಸೇರಿಸಿದ್ದಾರೆ. ಆ ಸೂತ್ರಗಳಿಗೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರ ಹೆಸರು ಕೊಳ್ಳೇಗಾಲದವರಿಗೆ ದೂರದ್ದಲ್ಲ; ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯೊಡನೆ ಪರಂಪರೆ ಅವರನ್ನು ಜೋಡಿಸಿದೆ. ನೆಲ ನೋಡಿ ನಡೆಯುವ ಮುನಿಯ ಪಾದದಡಿ ಅಕಸ್ಮಾತ್ತಾಗಿ ಕ್ಷುದ್ರ ಜೀವಿಯೊಂದು ಸತ್ತರೂ ಅವನಿಗೆ ಬಂಧವಿಲ್ಲ, ಎಚ್ಚರವಿಲ್ಲದವನಿಗೆ ಜೀವಿ ಸಾಯದಿದ್ದರೂ ದೋಷವುಂಟು ಎಂಬುದು ಈ ವಿವೇಚನೆಯ ತಾತ್ಪರ್ಯ. ಇನ್ನೊಂದು ಅಂಶವನ್ನು ವಾಚಕರು ಗಮನಿಸಬೇಕು. ಪ್ರಾಣಗಳು ಹತ್ತು: ಇಂದ್ರಿಯಗಳು ಐದು, ಮನೋಬಲ, ವಚನಬಲ, ಕಾಯಬಲ, ಆಯುಷ್ಯ ಮತ್ತು ಶ್ವಾಸೋಚ್ಛ್ವಾಸ. ಇವುಗಳಲ್ಲಿ ಒಂದಕ್ಕೆ ಕುಂದು ತಂದರೂ ಅದು ಪ್ರಾಣಘಾತವೇ. ಮನುಷ್ಯ ಬದುಕಿದ್ದಾನೆ, ಆದ್ದರಿಂದ ಹಿಂಸೆಯಾಗಿಲ್ಲ ಎಂಬ ವಾದ ಇಲ್ಲಿ ನಿಲ್ಲದು.

ಈ ಮಾತಿನ ತೂಕ ತಿಳಿಯಲು ಅಮೆರಿಕದ ಫುಟ್‌ಬಾಲಿನ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಹೆಸರು ಫುಟ್‌ಬಾಲ್ ಆದರೂ ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದೇ ಓಡುತ್ತಾರೆ. ಮುಂಚೂಣಿಯ ಹಿಂದೆ ನಿಂತು, ಚೆಂಡು ಹೊತ್ತು ಬರುವವನಿಗೆ ಡಿಕ್ಕಿ ಕೊಟ್ಟು ಕೆಡವುವವನನ್ನು ಲೈನ್‌ಬ್ಯಾಕರ್ ಎನ್ನುತ್ತಾರೆ. ಕಬಡ್ಡಿಯ ಹಿಡಿತಗಾರನ ದೂರದ ಜ್ಞಾತಿ. ಜೂನಿಯರ್ ಸಿಯಾವ್ ಎಂಬ ವಿಖ್ಯಾತ ಲೈನ್‌ಬ್ಯಾಕರ್ 1990ರಿಂದ 2009ರವರೆಗೆ ಇಪ್ಪತ್ತು ಋತುಗಳ ಕಾಲ ಆಡಿದರು. 2012ರ ಮೇ 2ರಂದು, 43ನೆಯ ವಯಸ್ಸಿನಲ್ಲಿ, ಆತ್ಮಹತ್ಯೆ ಮಾಡಿಕೊಂಡರು. ತಲೆಗೆ ಪದೇ ಪದೇ ಬೀಳುವ ಪೆಟ್ಟಿನಿಂದ ಉಂಟಾಗುವ ಮಿದುಳಿನ ವ್ಯಾಧಿ ಅವರಿಗಿತ್ತೆಂದು 2013ರ ಜನವರಿಯಲ್ಲಿ ಪ್ರಕಟವಾಯಿತು. ಸಾವಿಗೆ ಅದೊಂದೇ ಕಾರಣವೆನ್ನಲಾಗದು. ಆದರೆ ಸ್ಮೃತಿ, ಸಂಯಮ, ವಿವೇಕಗಳನ್ನು ಕ್ರಮೇಣ ತಿನ್ನುವ ಈ ವ್ಯಾಧಿಯನ್ನು ವರ್ಣಿಸಲು ಮನೋಬಲದ ಘಾತ ಎಂಬುದಕ್ಕಿಂತ ಸಮರ್ಪಕ ಶಬ್ದ ದೊರೆಯುವುದು ಕಷ್ಟ.

ಅದೇ ವ್ಯಾಧಿಯನ್ನು ಅಲ್ಲಿನ ಇನ್ನೊಬ್ಬ ವೃತ್ತಿ ಆಟಗಾರನ ಮಿದುಳಿನಲ್ಲಿ ಬೆನೆಟ್ ಒಮಾಲು ಎಂಬ ವೈದ್ಯರು 2002ರಲ್ಲಿ ಕಂಡು, 2005ರಲ್ಲಿ ಪ್ರಕಟಿಸಿದ್ದರು. ಲೀಗಿನ ಸಮಿತಿಯ ವೈದ್ಯರು ಆ ಲೇಖನವನ್ನೇ ಹಿಂತೆಗೆದುಕೊಳ್ಳಬೇಕೆಂದು ಆಗ್ರಹಿಸಿದರು. ಆಟಕ್ಕೂ ವ್ಯಾಧಿಗೂ ಸಂಬಂಧವುಂಟೆಂದು ಲೀಗಿನ ಹಿರಿಯ ಅಧಿಕಾರಿಯೊಬ್ಬರು ಬಹಿರಂಗವಾಗಿ ಒಪ್ಪಿದ್ದು 2016ರಲ್ಲಿ. ತಿಳಿಯದೆ ಆದ ಹಾನಿಗೂ, ತಿಳಿಸಿದವನ ಬಾಯಿ ಮುಚ್ಚಿಸಿ ಮುಂದುವರಿಸಿದ ಹಾನಿಗೂ ಧರ್ಮಶಾಸ್ತ್ರದ ಲೆಕ್ಕದಲ್ಲಿ ಅಜಗಜಾಂತರವಿದೆ. ನಡುವಿನ ಹನ್ನೊಂದು ವರ್ಷಗಳಿಗೆ ಪ್ರಮಾದವೆಂಬ ಶಬ್ದವೂ ಮೃದುವೇ. ಅಷ್ಟರಲ್ಲಿ, ಕ್ರಿಸ್ ಬೋರ್ಲೆಂಡ್ ಎಂಬ 24 ವರ್ಷದ ಲೈನ್‌ಬ್ಯಾಕರ್ ತಾನೇ ಓದಿ, ವಿಚಾರಿಸಿ, ಒಂದೇ ಋತು ಆಡಿ 2015ರ ಮಾರ್ಚ್‌ನಲ್ಲಿ ನಿವೃತ್ತನಾದನು. ಆ ಋತುವಿನಲ್ಲಿ ನೂರಕ್ಕೂ ಹೆಚ್ಚು ಬಾರಿ ಎದುರಾಳಿಗಳನ್ನು ಕೆಡವಿ ಹೆಸರು ಪಡೆದಿದ್ದನು. ಮೈಯಲ್ಲಿ ಯಾವ ಕುಂದೂ ತೋರಿರಲಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದಾಗ ದೊರೆತಿದ್ದ ಮೊತ್ತದಲ್ಲಿ ಮುಕ್ಕಾಲು ಪಾಲನ್ನು ಹಿಂದಿರುಗಿಸಿದನು. ಪರಿಗ್ರಹ ಪರಿಮಾಣದ ವಿಷಯದಲ್ಲಿ ಉಪದೇಶ ಕೇಳಿ ಮನೆಗೆ ಹೋಗಿ ಮರೆಯುವವರು ಈ ತರುಣನನ್ನು ನೆನೆಯಬಹುದು.

ಕಬಡ್ಡಿಯಲ್ಲಿ ತಲೆಗಿಂತ ಮೊಣಕಾಲು, ಭುಜ, ಕಣಕಾಲುಗಳು ಹೆಚ್ಚು ಬಳಲುತ್ತವೆ. 2022ರ ಅಕ್ಟೋಬರ್ 8ರಂದು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದುದನ್ನು ಅನೇಕರು ಕಂಡಿದ್ದಾರೆ. ಬೆಂಗಳೂರು ಬುಲ್ಸ್ ತಂಡಕ್ಕೆ 2019ರ ಜನವರಿಯಲ್ಲಿ ಪ್ರಶಸ್ತಿ ಗೆದ್ದುಕೊಟ್ಟಿದ್ದ ಪವನ್ ಸೆಹ್ರಾವತ್ ಅವರನ್ನು ಆ ವರ್ಷ ತಮಿಳ್ ತಲೈವಾಸ್ ತಂಡ 2 ಕೋಟಿ 26 ಲಕ್ಷಕ್ಕೆ ಕೊಂಡಿತ್ತು. ಅವರು ದಾಳಿಗಾರರೆಂದೇ ಪ್ರಸಿದ್ಧರು. ಮೊದಲ ಪಂದ್ಯದ ಆರಂಭದಲ್ಲೇ, ಎದುರಾಳಿಯೊಬ್ಬನನ್ನು ಹಿಡಿಯಲು ಹೋಗಿ ಮೊಣಕಾಲು ತಿರುಚಿ ಬಿದ್ದರು. ಸ್ಟ್ರೆಚರ್ ಮೇಲೆ ಹೊರಗೆ ಒಯ್ಯಬೇಕಾಯಿತು. ಆ ಋತುವಿನಲ್ಲಿ ಮತ್ತೆ ಆಡಲಿಲ್ಲ. ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನಾಯಕರಾಗಿ ಚಿನ್ನ ಗೆದ್ದರು ಎಂಬುದು ಸಂತೋಷದ ವಿಷಯ. ಆದರೆ ಅವರಿಗೆ ದೊರೆತ ಚಿಕಿತ್ಸೆ, ವಿಶ್ರಾಂತಿ, ಕಾಯುವ ಸಾವಧಾನ ತಾಲ್ಲೂಕು ಮಟ್ಟದ ಆಟಗಾರನಿಗೆ ಎಲ್ಲಿಯದು? ವ್ಯಾಪಾರಸ್ಥನು ಯಂತ್ರ ಕೊಂಡರೆ ವರ್ಷವರ್ಷವೂ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯುತ್ತಾನೆ. ಮೈಯನ್ನೇ ಬಂಡವಾಳ ಹೂಡಿದವನ ಖಾತೆಯಲ್ಲಿ ಆ ಕಲಮೇ ಇಲ್ಲ.

ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಅನ್ನನೀರು ತಡೆಯುವುದು. ಎತ್ತು, ಕುದುರೆ, ಆಳುಕಾಳುಗಳ ವಿಷಯದಲ್ಲಿ ಇವನ್ನು ವಿವರಿಸುವುದು ವಾಡಿಕೆ. ಕೊನೆಯ ಎರಡನ್ನು ಆಟಗಾರನಿಗೆ ಅನ್ವಯಿಸಿ ನೋಡಿದವರು ಕಡಮೆ. 2023ರ ಡಿಸೆಂಬರ್ 2ರಿಂದ 2024ರ ಮಾರ್ಚ್ 1ರವರೆಗಿನ ಋತುವಿನಲ್ಲಿ ಪ್ರತಿಯೊಂದು ತಂಡವೂ ಲೀಗ್ ಹಂತದಲ್ಲೇ 22 ಪಂದ್ಯಗಳನ್ನಾಡಿತು. ಹಳ್ಳಿಯ ಪಂದ್ಯಾವಳಿಯಲ್ಲಾದರೋ ಬೆಳಗಾಗುವುದರೊಳಗೆ ಬಹುಮಾನ ಹಂಚಬೇಕಾಗಿರುವುದರಿಂದ ಒಂದೇ ತಂಡ ಒಂದೇ ರಾತ್ರಿಯಲ್ಲಿ ಮೇಲಿಂದ ಮೇಲೆ ಅಂಕಣಕ್ಕಿಳಿಯುತ್ತದೆ. ಇದು ಅತಿಭಾರವಲ್ಲದೆ ಮತ್ತೇನು? ಪುರುಷರ ಕಬಡ್ಡಿಗೆ 85 ಕಿಲೋ ತೂಕದ ಮಿತಿಯುಂಟು. ತೂಗುವ ಮೊದಲು ಅನ್ನನೀರು ಬಿಟ್ಟು ಮೈ ಒಣಗಿಸಿಕೊಳ್ಳುವ ದುರಭ್ಯಾಸ ಮೈಯಾಟಗಳಲ್ಲೆಲ್ಲ ಬೇರೂರಿದೆ. 2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ರಾತ್ರಿಯಿಡೀ ಹೆಣಗಿಯೂ 100 ಗ್ರಾಮಿನಿಂದ ಫೈನಲ್ ಕಳೆದುಕೊಂಡದ್ದನ್ನು ದೇಶವೆಲ್ಲ ನೋಡಿತು. ಉಪವಾಸದ ಮಹಿಮೆ ಬಲ್ಲ ಸಮಾಜಕ್ಕೆ, ಕಷಾಯಗಳನ್ನು ಕೃಶಗೊಳಿಸುವ ಉಪವಾಸಕ್ಕೂ ತಕ್ಕಡಿಯ ಮುಳ್ಳಿಗಾಗಿ ಮಾಡುವ ನಿರಾಹಾರಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಆಟಗಾರನೇ ಒಪ್ಪಿ ಆಡುತ್ತಾನಲ್ಲ ಎಂಬ ಆಕ್ಷೇಪ ಬರುತ್ತದೆ. ಒಪ್ಪಿಗೆಯಿಂದ ಅವನ ಪಾಲು ಬದಲಾದೀತು, ಉಳಿದವರ ಪಾಲು ತೊಡೆದುಹೋಗುವುದಿಲ್ಲ. ಕೃತ, ಕಾರಿತ, ಅನುಮೋದನ ಎಂದು ಕರ್ಮದ ದ್ವಾರಗಳು ಮೂರು. ಹಿಂಸೆ ಮಾಡಿದವರ ಸಂಖ್ಯೆಗೂ ಅದರ ಫಲ ಉಣ್ಣುವವರ ಸಂಖ್ಯೆಗೂ ತಾಳೆಯಾಗಬೇಕೆಂಬ ನಿಯಮವಿಲ್ಲವೆಂಬುದನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಹಿಡಿತ ಹಾಕಿದವನು ಒಬ್ಬ. ಹಾಕೆಂದು ಕೂಗಿದವರು ನೂರಾರು. ಕುಂಟುತ್ತಿದ್ದವನನ್ನು ಕಾಲಿಗೆ ಬಟ್ಟೆ ಬಿಗಿದು ಮತ್ತೆ ಅಂಕಣಕ್ಕೆ ತಳ್ಳಿದವನು ಇನ್ನೊಬ್ಬ. ಚೀಟಿ ಹರಿಸಿ ಹಣ ಕೊಟ್ಟವರು ಊರಿನ ಗಣ್ಯರು. ಹಿಡಿತಗಾರನು ಎಚ್ಚರದಿಂದಿದ್ದೂ ಪೆಟ್ಟಾದರೆ, ದೋಷ ಉಳಿದ ಮೂರು ಕಡೆಗೆ ಹರಿಯುವ ಸಂಭವವೇ ಹೆಚ್ಚು.

ಆದ್ದರಿಂದ ಮಂಡಳಿಗಳು ರಸೀದಿ ಪುಸ್ತಕವನ್ನು ಹಾಗೆಯೇ ಹಿಂದಿರುಗಿಸಿ ಕೈ ತೊಳೆದುಕೊಳ್ಳುವುದು ತಕ್ಕ ಮಾರ್ಗವೆಂದು ತೋರುವುದಿಲ್ಲ. ಪಂದ್ಯ ಹೇಗೂ ನಡೆಯುತ್ತದೆ. ಹಣ ಕೊಡುವವನ ಮಾತಿಗೆ ಒಂದಷ್ಟು ಬೆಲೆಯುಂಟೆಂಬುದು ವ್ಯಾಪಾರ ಬಲ್ಲವರಿಗೆ ಗೊತ್ತಿದೆ; ಆ ಮಾತನ್ನು ಕೊಡುವ ಮುಂಚೆ ಆಡಬೇಕು. ತಂಡವೊಂದಕ್ಕೆ ಒಂದು ರಾತ್ರಿ ಎಷ್ಟು ಪಂದ್ಯ? ತಲೆಗೆ ಪೆಟ್ಟು ಬಿದ್ದವನನ್ನು ಅದೇ ರಾತ್ರಿ ಮತ್ತೆ ಆಡಿಸುವುದಿಲ್ಲವೆಂದು ಬರೆದುಕೊಡುವಿರಾ? ಆಟಗಾರರಿಗೆ ವಿಮೆ ಮಾಡಿಸಿದ್ದೀರಾ? ಮನೆಗಳಲ್ಲಿಯೂ ಮಗನಿಗೆ ಆಟ ಬೇಡವೆನ್ನುವುದಕ್ಕಿಂತ, ಓದು ಬಿಡಬೇಡ, ಸಾಕೆನಿಸಿದ ದಿನ ಮನೆಗೆ ಬಾ, ಯಾರೂ ಏನೂ ಅನ್ನುವುದಿಲ್ಲ ಎಂದು ಮುಂಚಿತವಾಗಿ ಹೇಳಿರುವುದು ಹೆಚ್ಚು ಉಪಕಾರಿ. ಬೋರ್ಲೆಂಡ್‌ನಿಗೆ ನಿಲ್ಲಲು ಅವಕಾಶವಿತ್ತು, ಏಕೆಂದರೆ ಅವನು ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದಿದ್ದನು.

ಮುಂದಿನ ಹಬ್ಬಕ್ಕೆ ಅಚ್ಚಾಗುವ ಕರಪತ್ರದಲ್ಲಿ ಪ್ರಥಮ ಬಹುಮಾನದ ದಾನಿ, ದ್ವಿತೀಯ ಬಹುಮಾನದ ದಾನಿ, ಊಟೋಪಚಾರದ ದಾನಿ ಎಂಬ ಸಾಲುಗಳ ಕೆಳಗೆ, ಬೆಳಗಿನವರೆಗೆ ಅಂಕಣದ ಪಕ್ಕದಲ್ಲಿರುವ ವೈದ್ಯರ ಸಂಭಾವನೆಯ ದಾನಿ ಎಂದು ಇನ್ನೊಂದು ಸಾಲಿಗೆ ಸ್ಥಳವಿದೆ. ಆ ಸಾಲನ್ನು ಯಾವುದಾದರೊಂದು ಬಸದಿಯ ಮಂಡಳಿ ತನ್ನ ಹೆಸರಿಗೆ ಬರೆಸಿಕೊಳ್ಳಬಹುದು.