ಏಕೇಂದ್ರಿಯದ ವಿವೇಕ

ಅರಿಯುವುದಕ್ಕೆ ಮನಸ್ಸು ಬೇಕೇ? ಭತ್ತದ ಪೈರು ಬೇಡವೆನ್ನುತ್ತದೆ. ಬೆಂಕಿ ರೋಗದ ಶಿಲೀಂಧ್ರ ಎಲೆಯನ್ನು ಕೊರೆಯಲು ಹೊರಟಾಗ ಅದರ ಮೈಗೋಡೆಯ ಕೈಟಿನ್ ಚೂರುಗಳು ಉದುರುತ್ತವೆ; ಸಿಗಡಿ, ಏಡಿಗಳ ಚಿಪ್ಪಿನಲ್ಲಿರುವುದೂ ಇದೇ ವಸ್ತು. ಪೈರಿನ ಜೀವಕೋಶದ ಹೊರಪೊರೆಯ ಗ್ರಾಹಕ ಪ್ರೋಟೀನು ಆ ಚೂರನ್ನು ಮುಟ್ಟಿ ಹಗೆಯನ್ನು ಗುರುತಿಸುತ್ತದೆ. ಪೈರು ಕೋಶಗೋಡೆಯನ್ನು ಗಟ್ಟಿಗೊಳಿಸುತ್ತದೆ, ಶಿಲೀಂಧ್ರನಾಶಕ ರಸ ತಯಾರಿಸುತ್ತದೆ; ಒಮ್ಮೊಮ್ಮೆ ಸೋಂಕು ತಗುಲಿದ ಕೋಶಗಳನ್ನೇ ಬಲಿಕೊಟ್ಟು ಉಳಿದ ಮೈಯನ್ನು ಕಾಯುತ್ತದೆ. ಸಸ್ಯವನ್ನು ಸ್ಪರ್ಶವೊಂದನ್ನೇ ಉಳ್ಳ ಏಕೇಂದ್ರಿಯ ಜೀವವೆಂದು ಜೈನ ದರ್ಶನ ಎಂದೋ ಹೇಳಿತ್ತು. ವಿಜ್ಞಾನ ಆ ದರ್ಶನವನ್ನು ಸಾಧಿಸಿ ತೋರಿಸಿಲ್ಲ, ನಿಜ. ಆದರೆ ಸ್ಪರ್ಶವೊಂದೇ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ತೋರಿಸಿದೆ.

ಇದು ಬರಿಯ ಬೀಗ-ಕೀಲಿಯ ರಸಾಯನ, ಅರಿವಲ್ಲ ಎಂಬ ಆಕ್ಷೇಪ ಸಹಜವೇ. ಆದರೆ ಕೈಟಿನ್ ಕಂಡಾಗ ಕಾದಾಡಲು ನೆರವಾಗುವ ಓಎಸ್‌ಸಿಇಆರ್‌ಕೆ1 ಎಂಬ ಪ್ರೋಟೀನೇ ಬೇರಿಗೆ ರಂಜಕ ತಂದುಕೊಡುವ ಸ್ನೇಹಿ ಶಿಲೀಂಧ್ರವನ್ನು ಬರಮಾಡಿಕೊಳ್ಳಲೂ ಬೇಕು. ಬಾಗಿಲು ಒಂದೇ, ನಂಟನಿಗೂ ಹಗೆಗೂ ಸಿಗುವ ಉತ್ತರ ಬೇರೆ. ಇನ್ನೂ ಒಂದು ಮಾತು: ಬೆಂಕಿ ರೋಗದ ಶಿಲೀಂಧ್ರ ಪ್ರೋಟೀನೊಂದನ್ನು ಸ್ರವಿಸಿ ತನ್ನ ಕೈಟಿನ್ ಚೂರುಗಳನ್ನು ಮರೆಮಾಚುತ್ತದೆ. ಕಲ್ಲನ್ನು ಯಾರೂ ವಂಚಿಸಲಾರರು. ಮೋಸಹೋಗಬಲ್ಲದ್ದು ಮಾತ್ರ ಗುರುತಿಸಬಲ್ಲದು. ಪೈರಿಗೆ ನೋವಿದೆ, ‘ನಾನು’ ಇದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಸಿದ್ಧವಾಗುವುದು ಇಷ್ಟೇ: ತನ್ನದು-ಪರರದು ಎಂಬ ವಿವೇಕ ಅಹಂಕಾರಕ್ಕಿಂತ ಹಳೆಯದು. ಗದ್ದೆಗೆ ವಿಷ ಸಿಂಪಡಿಸುವ ಮುನ್ನ, ಅಲ್ಲಿ ಆಗಲೇ ಕಾವಲು ನಿಂತವರಿದ್ದಾರೆ ಎಂಬುದನ್ನು ನೆನೆಯೋಣ.